ಗಿಟಾರಿನ ಕತ್ತಿಗೊಂದು ಹೇರ್ ಬ್ಯಾಂಡ್

ಎಲೆಕ್ಟ್ರಿಕ್ ಗಿಟಾರ್ ಕಲಿಯುವ ಹುಡುಗನಿರುವ ಮನೆಯಲ್ಲಿ ಅಕ್ಕನ ಹೇರ್ ಬ್ಯಾಂಡ್ ಕಾಣೆಯಾದರೆ ಮಂಚದ ಕೆಳಗೆಲ್ಲ ತಡಕಾಡಬೇಕಾಗಿಲ್ಲ. ಅದು ಗಿಟಾರಿನ ಕತ್ತಿನಲ್ಲಿರುತ್ತದೆ, ಅಲ್ಲಿ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳಲ್ಲಿ, ಅಂದರೆ ಫ್ರೆಟ್‌ಗಳಲ್ಲಿ, ಮೊದಲನೆಯದರ ಹತ್ತಿರ. ಅಕ್ಕ ಬೈಯುತ್ತಾಳೆ. ಅಮ್ಮ "ಅದಕ್ಕೂ ಜಡೆ ಹಾಕ್ತೀಯೇನೋ" ಅನ್ನುತ್ತಾರೆ. ಹುಡುಗ ಯಾರಿಗೂ ಉತ್ತರ ಕೊಡದೆ ಮೂರನೇ ತಂತಿಯಲ್ಲಿ 14ನೇ ಫ್ರೆಟ್, ಎರಡನೆಯದರಲ್ಲಿ 13, ಮೊದಲನೆಯದರಲ್ಲಿ 12, ಅಲ್ಲೇ 17, ಮತ್ತೆ 12, 13 ಎಂದು ಸುತ್ತತೊಡಗುತ್ತಾನೆ. ಎ ಮೈನರ್ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛ, ಇಲ್ಲಿ ಬಿಡಿಬಿಡಿಯಾಗಿ. ಸ್ವೀಪ್ ಪಿಕಿಂಗ್‌ಗೆ, ಅಂದರೆ ಪಿಕ್ ಎಂಬ ಮೀಟುವ ಬಿಲ್ಲೆಯನ್ನು ಒಂದೇ ಎಳೆತದಲ್ಲಿ ತಂತಿಯಿಂದ ತಂತಿಗೆ ಜಾರಿಸುವ ವಿದ್ಯೆಗೆ, ಕೈಹಾಕಿದವರೆಲ್ಲ ಮೊದಲು ಹಿಡಿಯುವುದು ಇದನ್ನೇ. ಮನೆಮಂದಿಗೆಲ್ಲ ಬೇಡವೆಂದರೂ ಬಾಯಿಪಾಠವಾಗುವುದೂ ಇದೇ.

ಇಷ್ಟೊಂದು ಕಷ್ಟಪಟ್ಟು ಇದನ್ನು ಯಾಕೆ ಕಲಿಯಬೇಕು ಎಂಬುದಕ್ಕೆ ಒಳ್ಳೆಯ ಉತ್ತರವೊಂದಿದೆ, ಹೇಳುತ್ತೇನೆ. ಮೊದಲು ಹೇರ್ ಬ್ಯಾಂಡಿನ ವಿಷಯ ಮುಗಿಸೋಣ. ನುಡಿಸದ ತಂತಿಗಳು ತಾವಾಗಿಯೇ ಝೇಂಕರಿಸದಿರಲಿ ಎಂದು ಹಾಕುವುದು ಅದನ್ನು. ಅದರ ಬಗ್ಗೆ ತಪ್ಪು ತಿಳಿವಳಿಕೆ ವಿಪರೀತ.

ಬರೀ ರಬ್ಬರಿನದು ಬೇಡ. ನೈಟ್ರೊಸೆಲ್ಯುಲೋಸ್ ಪಾಲಿಶ್ ಇರುವ ಗಿಟಾರಾದರೆ ರಬ್ಬರ್ ಆ ಪಾಲಿಶನ್ನೇ ತಿಂದು ಕಲೆ ಉಳಿಸುತ್ತದೆ. ಲೋಹದ ಕೊಂಡಿ ಇರುವುದೂ ಬೇಡ, ತಂತಿಗೆ ತಾಗಿ ಜಿರ್ ಅನ್ನುತ್ತದೆ. ಬಟ್ಟೆ ಸುತ್ತಿದ, ದಪ್ಪನೆಯ, ಒಂದಷ್ಟು ದಿನ ಬಳಸಿ ಸಡಿಲಾದದ್ದೇ ಸರಿ. ಅಕ್ಕನದೇ ಆಗಬೇಕು ಎಂಬುದಕ್ಕೆ ಇದೊಂದು ಕಾರಣ. ತಂತಿಯನ್ನು ಸವರಿಕೊಂಡಿದ್ದರೆ ಸಾಕು. ಬಿಗಿಯಾಗಿ ಅದುಮಿದರೆ ಶ್ರುತಿಯೇ ಏರಿಬಿಡುತ್ತದೆ. ಬಿಟ್ಟ ತಂತಿ ನುಡಿಸಬೇಕಾದಾಗ ಅದನ್ನು ನಟ್ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ದಾಟಿಸಿ ತಲೆಯ ಕಡೆಗೆ ಸರಿಸಿಡಬಹುದು. ಅಲ್ಲೂ ಅದು ಸೋಮಾರಿಯಲ್ಲ. ನಟ್‌ಗೂ ಬಿರಡೆಗೂ ನಡುವಿನ ತುಂಡು ತಂತಿಗಳು ಕರೆಯದೆ ದನಿಗೂಡಿಸುವುದನ್ನು ತಡೆಯುತ್ತದೆ. ಇದನ್ನೇ ವೆಲ್ಕ್ರೊ ಹಚ್ಚಿ, ಹೆಸರು ಬದಲಾಯಿಸಿ, ಬೆಲೆ ಏರಿಸಿ ಮಾರುತ್ತಾರೆ. ಅಮೆರಿಕದ ಗಿಟಾರಿಸ್ಟ್ ಮೈಕಲ್ ಏಂಜೆಲೊ ಬಟಿಯೊ ಇದೇ ಕೆಲಸಕ್ಕೆ ತಂತಿಗಳ ಮೇಲೆ ಇಳಿಸುವ, ಬೇಡವಾದಾಗ ಎತ್ತುವ ಸಲಕರಣೆಯನ್ನೇ ಮಾಡಿಕೊಂಡಿದ್ದಾನೆ.

ಇದು ಕಳ್ಳಾಟ ಎನ್ನುವ ಪಂಡಿತರಿದ್ದಾರೆ. ಪಿಯಾನೊದಲ್ಲಿ ಕೀಲಿ ಬಿಟ್ಟ ಕೂಡಲೇ ತಂತಿಯ ಮೇಲೆ ಫೆಲ್ಟ್ ಬಂದು ಕೂರುತ್ತದೆ. ಅದನ್ನು ಕಿತ್ತುಹಾಕಿ ನುಡಿಸು ಎಂದು ಯಾವ ಪಂಡಿತನೂ ಪಿಯಾನೊದವನಿಗೆ ಹೇಳಿದ್ದು ಕಾಣೆ. ಹೀಗೆ ಕಳ್ಳಾಟ ಹಿಡಿಯುವವರಲ್ಲಿ ಮುಕ್ಕಾಲು ಪಾಲು ಜನ 12ನೇ ಫ್ರೆಟ್ ದಾಟಿದವರಲ್ಲ.

ಹಾಗಂತ ಹೇರ್ ಬ್ಯಾಂಡ್ ಹಾಕಿದೊಡನೆ ಸ್ವೀಪ್ ಶುಭ್ರವಾಗುತ್ತದೆ ಎನ್ನುವವರು ಇನ್ನೂ ಅಪಾಯಕಾರಿ. ಬೆರಳು ಎತ್ತಿದಾಗ ಬಿಟ್ಟ ತಂತಿ ಝೇಂಕರಿಸುತ್ತದಲ್ಲ, ಅದನ್ನಷ್ಟೇ ಅದು ನುಂಗುತ್ತದೆ. ಬೆರಳು ಎತ್ತದೇ ಇದ್ದರೆ? 14ರಲ್ಲಿ ಒತ್ತಿ ಹಿಡಿದ ತಂತಿ ನುಡಿಯುವುದು ಫ್ರೆಟ್‌ನಿಂದ ಬ್ರಿಡ್ಜ್ (ಗಿಟಾರಿನ ಒಡಲ ಮೇಲೆ ತಂತಿ ಕೂರುವ ಆಸರೆ) ಕಡೆಗೆ. ಹೇರ್ ಬ್ಯಾಂಡ್ ಇರುವುದು ಅದರ ಆಚೆ ಬದಿಯಲ್ಲಿ. ಹೊಸಬರ ತಪ್ಪೆಲ್ಲ ಇರುವುದು ಇಲ್ಲೇ. ಮೂರು ಬೆರಳನ್ನೂ ಕಾರ್ಡ್ ಹಿಡಿದಂತೆ ಊರಿಬಿಟ್ಟು ಪಿಕ್ ಎಳೆಯುತ್ತಾರೆ. ಕ್ಲೀನ್ ಸೌಂಡಿನಲ್ಲಿ ಅದು ಇಂಪಾಗಿಯೇ ಕೇಳುತ್ತದೆ, ಮೋಸ ಅಲ್ಲಿದೆ. ದನಿಯನ್ನು ಒರಟಾಗಿಸುವ ಡಿಸ್ಟಾರ್ಷನ್ ಹಾಕಿದರೆ ಎರಡು ಸ್ವರ ಕೂಡಿ ಅವೆರಡರಲ್ಲೂ ಇಲ್ಲದ ಮೂರನೆಯ ಗದ್ದಲ ಹುಟ್ಟುತ್ತದೆ. ಸ್ವರ ಹೊರಟ ಮರುಗಳಿಗೆ ಬೆರಳು ಸಡಿಲಾಗಬೇಕು. ತಂತಿ ಬಿಟ್ಟು ಮೇಲೇಳಬೇಕಿಲ್ಲ, ಒತ್ತಡ ಹೋದರೆ ಸಾಕು. ದಪ್ಪ ತಂತಿಗಳನ್ನು ಬಲಗೈಯ ಅಂಚು ಮ್ಯೂಟ್ ಮಾಡುತ್ತಾ ಪಿಕ್‌ನ ಹಿಂದೆಯೇ ಇಳಿಯಬೇಕು, ತೆಳು ತಂತಿಗಳನ್ನು ತೋರುಬೆರಳಿನ ಒಳಮೈ ನೋಡಿಕೊಳ್ಳಬೇಕು. ಆಂಪ್ಲಿಫೈಯರ್ ಹಚ್ಚದೆ ಅಭ್ಯಾಸ ಮಾಡುವವರಿಗೆ ಇದ್ಯಾವುದೂ ಕೇಳಿಸುವುದೇ ಇಲ್ಲ. ಹಾಗಾಗಿಯೇ ಅವರು ಅಷ್ಟು ಸಂತೋಷವಾಗಿರುತ್ತಾರೆ.

ಪಿಕ್ ಗಟ್ಟಿಯಾಗಿರಲಿ. ಡನ್ಲಪ್‌ನವರ ಚಿಕ್ಕ ಜಾಜ್ 3 ಪಿಕ್ 1.38 ಮಿಲಿಮೀಟರ್ ದಪ್ಪ. ತೆಳು ಪಿಕ್ ಬಾಗಿ ತಡಮಾಡುತ್ತದೆ. ತಂತಿಯ ಕೆಳಗೆ ಒಂದೆರಡು ಮಿಲಿಮೀಟರ್ ತುದಿ ಮಾತ್ರ ಇಳಿಯಬೇಕು, ಕೈ ಮುಂದೆ ಹೋಗುತ್ತಾ ತುದಿಯನ್ನು ಹಿಂದೆ ಎಳೆದುಕೊಂಡು ಬರುವಷ್ಟು ಓರೆಯಿರಬೇಕು.

ಇನ್ನು "ನಿಧಾನವಾಗಿ ಶುರು ಮಾಡಿ" ಎಂಬ ಉಪದೇಶ. ನಿಜಕ್ಕೂ ಸಿಟ್ಟು ಬರುವುದು ಇದಕ್ಕೆ. ಹೇಗೆ ನಿಧಾನ ಎಂದು ಯಾರೂ ಹೇಳುವುದಿಲ್ಲ. ನಿಧಾನಕ್ಕೆ ನುಡಿಸಿದಾಗ ಕೈ ತನಗೆ ಗೊತ್ತಿಲ್ಲದೆಯೇ ಮೂರು ಬಿಡಿಬಿಡಿ ಹೊಡೆತ ಹಾಕುತ್ತದೆ; ಒಂದೊಂದು ತಂತಿ ಮೀಟಿದಾಗಲೂ ಪಿಕ್ ಮೇಲಕ್ಕೆದ್ದು ಬರುತ್ತದೆ. ಹೀಗೆ ತಿಂಗಳುಗಟ್ಟಲೆ ಬೇರೆಯೇ ವಿದ್ಯೆಯೊಂದನ್ನು ಕಲಿತು, ವೇಗ ಏರಿಸುವಾಗ ಕಂಗಾಲಾಗುತ್ತಾರೆ. ಮಾಡಬೇಕಾದದ್ದು ಇಷ್ಟೇ: ಮೂರನೇ ತಂತಿ ಮೀಟಿದ ಪಿಕ್ ಎರಡನೆಯದರ ಮೇಲೆ ಬಿದ್ದು ಅಲ್ಲೇ ಕೂತಿರಲಿ, ಮುಂದಿನ ಸ್ವರದ ಹೊತ್ತು ಬಂದಾಗ ಅಲ್ಲಿಂದಲೇ ಜಾರಲಿ. ತಾಳದ ಬಡಿತ ಕೊಡುವ ಮೆಟ್ರೊನೋಮನ್ನು ನಿಮಿಷಕ್ಕೆ 60, 65, 70 ಬಡಿತ ಎಂದು ಏರಿಸುವ ಚಾಳಿಯೂ ನನಗೆ ಹಿಡಿಸದು. ಐದೈದರ ಏರಿಕೆಯಲ್ಲಿ ತಪ್ಪುಗಳೂ ಸದ್ದಿಲ್ಲದೆ ಹತ್ತಿಕೊಂಡು ಬರುತ್ತವೆ. ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡಿಸುವ ನಮ್ಮ ಸಂಗೀತದ ಮೇಷ್ಟ್ರುಗಳದೇ ಮೇಲು. ತಾಳ ಅಲುಗುವುದಿಲ್ಲ, ಸ್ವರ ದುಪ್ಪಟ್ಟಾಗುತ್ತದೆ. ಮೆಟ್ರೊನೋಮ್ 60ರಲ್ಲೇ ಇರಲಿ. ಒಂದು ಬಡಿತಕ್ಕೆ ಮೂರು ಸ್ವರ, ಆಮೇಲೆ ಆರು. ಆಗ ಇಡೀ ಸುತ್ತು ಒಂದೇ ಸೆಕೆಂಡು; ಎಲ್ಲಿ ಎಡವುತ್ತದೆ ಎಂದು ತಕ್ಷಣ ಗೊತ್ತಾಗುತ್ತದೆ. ಬಹುಪಾಲು ತುದಿಯಲ್ಲಿ, ಕಿರುಬೆರಳು 17ರಿಂದ ತಂತಿಯನ್ನು ಕಿತ್ತು 12ಕ್ಕೆ ಬಿಟ್ಟುಕೊಡುವ ಕಡೆ.

ಇದು ಉದ್ದಗೂದಲಿನ ಮೆಟಲ್ ಹುಡುಗರ ಸೊತ್ತು ಎಂದುಕೊಳ್ಳಬೇಡಿ. ಟಾಲ್ ಫಾರ್ಲೊ, ಬಾರ್ನಿ ಕೆಸೆಲ್‌ರಂಥ ಜಾಜ್ ಗಿಟಾರಿಸ್ಟರು 1950ರ ದಶಕದಲ್ಲೇ ಹೀಗೆ ಎಳೆದವರು. ಆಸ್ಟ್ರೇಲಿಯಾದ ಫ್ರಾಂಕ್ ಗ್ಯಾಂಬಾಲೆ ಇದನ್ನೇ ತನ್ನ ಫ್ಯೂಷನ್ ಸಂಗೀತದ ನಡಿಗೆಯಾಗಿಸಿಕೊಂಡ. ಇಂಗ್ವೇ ಮಾಲ್ಮ್‌ಸ್ಟೀನ್ ಬಂದ ಮೇಲೆ, ಆಮೇಲೆ 1988ರಲ್ಲಿ ಇನ್ನೂ ಇಪ್ಪತ್ತು ತುಂಬದ ಜೇಸನ್ ಬೆಕರ್‌ನ ಆಲ್ಬಂ ಬಂದ ಮೇಲೆ, ಪ್ರಪಂಚದ ಅಕ್ಕಪಕ್ಕದ ಮನೆಯವರಿಗೆಲ್ಲ ನಿದ್ದೆ ಕೆಟ್ಟಿತು, ಅಷ್ಟೆ.

ಯಾಕೆ ಕಲಿಯಬೇಕು ಎಂಬ ಮಾತಿಗೆ ಬರೋಣ. ಆದರೆ ಐದು ತಂತಿಯ ಆಕಾರ ಬಾರದೆ ಆ ಮಾತಿಗೆ ಅರ್ಥವಿಲ್ಲ, ಹಾಗಾಗಿ ಮೊದಲು ಅದು. ಐದನೇ ತಂತಿಯಲ್ಲಿ 12, 15, ನಾಲ್ಕರಲ್ಲಿ 14, ಮೂರರಲ್ಲೂ 14, ಮುಂದಿನದು ಹಳೆಯದೇ. ಒಂದೇ ಫ್ರೆಟ್, ಎರಡು ತಂತಿ, ಒಂದೇ ಉಂಗುರದ ಬೆರಳು. ಬೆರಳನ್ನು ಚಪ್ಪಟೆ ಮಲಗಿಸಿದರೆ ಎರಡೂ ಒಟ್ಟಿಗೆ ನುಡಿಯುತ್ತವೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಹಿಡಿದು ಉರುಳಿಸುತ್ತಾರಲ್ಲ, ಹಾಗೆ ಉರುಳಿಸಬೇಕು, ಅಡ್ಡಕ್ಕಲ್ಲ, ಉದ್ದಕ್ಕೆ: ತುದಿಯಿಂದ ನಾಲ್ಕನೆಯದನ್ನು ಒತ್ತಿ, ತುದಿ ಸಡಿಲಾಗುತ್ತಿದ್ದಂತೆ ಬೆರಳಿನ ಮೆತ್ತೆಗೆ ಭಾರ ಬಿಟ್ಟು ಮೂರನೆಯದನ್ನು. ವಾಪಸು ಬರುವಾಗ ಇದೆಲ್ಲ ತಿರುಗುಮುರುಗು, ಮತ್ತು ಹೋಗುವಾಗ ಬಂದದ್ದು ಬರುವಾಗ ಬರುವುದಿಲ್ಲ. ಆ ಎರಡು ಸ್ವರಗಳನ್ನಷ್ಟೇ ಹಿಡಿದು ಬೇರೆಯಾಗಿ ತಿದ್ದಬೇಕು. ಈ ರಗಳೆಯೇ ಬೇಡವೆಂದು ನಾಲ್ಕನೇ ತಂತಿಗೆ ನಡುಬೆರಳು, ಮೂರಕ್ಕೆ ಉಂಗುರದ ಬೆರಳು ಹಚ್ಚುವವರಿದ್ದಾರೆ. ಹಚ್ಚಲಿ. ಎರಡನೇ ತಂತಿಯ 13ಕ್ಕೆ ಬೇಕಾದ ನಡುಬೆರಳು ಆಗ ಇನ್ನೂ 14ರಲ್ಲೇ ಸಿಕ್ಕಿಕೊಂಡಿರುತ್ತದೆ.