ಪಾಪ್‌ಕಾರ್ನ್‌ಗೆ ಮೂರು ದರ, ಜೈಸಲ್ಮೇರಿಗೆ ಒಬ್ಬ ಕಲೆಕ್ಟರ್

ಉಪ್ಪು ಖಾರದ ಬಿಡಿ ಪಾಪ್‌ಕಾರ್ನ್‌ಗೆ ಶೇ 5, ಪೊಟ್ಟಣ ಕಟ್ಟಿ ಲೇಬಲ್ ಅಂಟಿಸಿದರೆ ಶೇ 12, ಸಕ್ಕರೆ ಪಾಕ ಬಿದ್ದರೆ ಶೇ 18 ತೆರಿಗೆ ಅಂತಿತ್ತು ಆಗ. 2024ರ ಡಿಸೆಂಬರ್ 21ರಂದು ಜಿಎಸ್‌ಟಿ ಮಂಡಳಿಯ 55ನೇ ಸಭೆ ಕೊಟ್ಟ ಈ ಸ್ಪಷ್ಟನೆಯನ್ನು ನೀವೆಲ್ಲ ಓದಿ, ನಕ್ಕು, ಫಾರ್ವರ್ಡ್ ಮಾಡಿ ಆಯ್ತು. ಆರೋಗ್ಯ ವಿಮೆ ಮೇಲಿನ ತೆರಿಗೆಯ ವಿಚಾರ ಮುಂದಕ್ಕೆ ಹೋಯಿತು. ಇರಲಿ ಬಿಡಿ, ಕಾಯಿಲೆ ಎಲ್ಲಿಗೂ ಓಡಿಹೋಗಲ್ಲ. ಅಧ್ಯಕ್ಷತೆ ವಹಿಸಿದ್ದ ನಿರ್ಮಲಾ ಸೀತಾರಾಮನ್ ರಾಜ್ಯಸಭೆಗೆ ಹೋಗಿರುವುದು ಕರ್ನಾಟಕದಿಂದಲೇ. ಹಾಗಾಗಿ ಈ ಪುಣ್ಯದಲ್ಲಿ ನಮಗೂ ಒಂದು ಪಾಲಿದೆ.

ಸಭೆ ನಡೆದ ಊರಿನ ಕಡೆ ಮಾತ್ರ ಯಾರೂ ಜಾಸ್ತಿ ನೋಡಲಿಲ್ಲ. ಜೈಸಲ್ಮೇರ್. ಪಾಕಿಸ್ತಾನದ ಗಡಿಗೆ ಅಂಟಿಕೊಂಡ ಮರಳುಗಾಡಿನ ಜಿಲ್ಲೆ. ವಿಸ್ತೀರ್ಣ 38,401 ಚದರ ಕಿ.ಮೀ., ಹೆಚ್ಚೂಕಮ್ಮಿ ಕೇರಳದಷ್ಟು. ಕೇರಳಕ್ಕೆ 14 ಕಲೆಕ್ಟರ್‌ಗಳು, ಇಲ್ಲಿಗೆ ಒಬ್ಬರು. 2011ರ ಜನಗಣತಿಯಲ್ಲಿ ಚದರ ಕಿ.ಮೀ.ಗೆ ಸಿಕ್ಕಿದ್ದು 17 ಜನ. ನಮ್ಮ ಮೆಟ್ರೋದಲ್ಲಿ ಒಂದು ಬಾಗಿಲ ಹತ್ತಿರವೇ ಅದಕ್ಕಿಂತ ಜಾಸ್ತಿ ನಿಂತಿರ್ತಾರೆ. ವಿಧಾನಸಭಾ ಕ್ಷೇತ್ರ ಎರಡೇ. ಎರಡು ಸೀಟಿಗೆ ಎಷ್ಟು ರಸ್ತೆ ಬರುತ್ತೆ, ನೀವೇ ಲೆಕ್ಕ ಹಾಕಿ.

ಮಂತ್ರಿಗಳು ಬಂದರು, ಪಾಪ್‌ಕಾರ್ನ್ ತೀರ್ಮಾನ ಮಾಡಿದರು, ಹೋದರು. ಸರಿಯಾಗಿ ಒಂದು ವಾರಕ್ಕೆ ಅದೇ ಜಿಲ್ಲೆಯ ಮೋಹನ್‌ಗಢದಲ್ಲಿ ಹೊಲವೊಂದರಲ್ಲಿ ಬೋರ್ ಕೊರೆಯುತ್ತಿದ್ದಾಗ ನೀರು ಬುಗ್ಗೆಯಾಗಿ ನುಗ್ಗಿತು. ಎಷ್ಟು ಅಂದ್ರೆ, ಬೋರ್‌ವೆಲ್ ಲಾರಿಯೇ ಗುಂಡಿಗೆ ಇಳಿದು ಮುಳುಗಿಹೋಯಿತು. ಕೋಲಾರದ ಕಡೆಯವರಿಗೆ ಈ ವಿಡಿಯೋ ನೋಡಿ ಎಷ್ಟು ಹೊಟ್ಟೆ ಉರಿದಿರಬೇಕು! ಅಲ್ಲಿ ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲವೆಲ್ಲ ಸುತ್ತಿ ಪಾಯಿಂಟ್ ಮಾಡಿಸ್ತಾರೆ, ಪೂಜೆ ಮಾಡಿಸ್ತಾರೆ, ಸಾವಿರ ಅಡಿ ದಾಟಿಸ್ತಾರೆ. ಮೇಲೆ ಬರೋದು ಬಿಳಿ ಧೂಳು. ಕಾಯಿ ಎದ್ದು ನಿಂತಿದ್ದಂತೂ ನಿಜ ಅಂತಾನೆ ಪಾಯಿಂಟ್ ಮಾಡಿದವನು, ದುಡ್ಡು ಎಣಿಸಿಕೊಂಡು.

ಮೋಹನ್‌ಗಢದಲ್ಲಿ ಸರಸ್ವತಿ ನದಿಯೇ ಮೇಲೆದ್ದಳು ಅಂತ ಸುದ್ದಿಯಾಯಿತು. ಇದು ಅದಕ್ಕಿಂತ ಎಷ್ಟೋ ಹಳೇ ನೀರು ಅಂತ ಭೂಜಲ ತಜ್ಞರು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಆಡಳಿತ ತನ್ನ ಕೆಲಸ ಮಾಡಿತು: 500 ಮೀಟರ್ ಒಳಗೆ ಯಾರೂ ಬರಬಾರದು ಅಂತ ಆದೇಶ. ನೀರು ಆದೇಶಕ್ಕೆ ಕಾಯದೆ ತಾನಾಗಿಯೇ ನಿಂತಿತು.

ಪೋಖ್ರಾನ್ ಇರುವುದೂ ಇದೇ ಜಿಲ್ಲೆಯಲ್ಲಿ. 1974ರಲ್ಲೂ 1998ರಲ್ಲೂ ಅಣುಬಾಂಬ್ ಸಿಡಿಸೋಕೆ ದೇಶಕ್ಕೆ ಈ ಜಿಲ್ಲೆ ಬೇಕಾಯಿತು. ಗೋಡೆ ಬಿರುಕು ಬಿಟ್ಟದ್ದನ್ನು ಹೇಳುತ್ತಾ ಪಕ್ಕದ ಖೇತೋಲಾಯಿ ಜನ ಅಲ್ಲೇ ಇದ್ದಾರೆ.

ಇನ್ನು ಮರುಭೂಮಿ ರಾಷ್ಟ್ರೀಯ ಉದ್ಯಾನ. 3,162 ಚದರ ಕಿ.ಮೀ. ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಉಳಿಸೋಕೆ ಮಾಡಿದ್ದು. ನಮ್ಮ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿದೆಯಲ್ಲ, ಅದೇ ಹಕ್ಕಿ. ಉಳಿಯಲೇಬೇಕು, ಎರಡು ಮಾತಿಲ್ಲ. ಆದರೆ ಉದ್ಯಾನದೊಳಗಿನ ಎಷ್ಟೋ ಊರುಗಳಿಗೆ ಕರೆಂಟು, ಡಾಂಬರು ರಸ್ತೆ ಕೇಳಿದರೆ ಅರಣ್ಯ ನಿಯಮ ಅಡ್ಡ ಬರುತ್ತೆ. ಜಿಲ್ಲೆ ತುಂಬಾ ಗಾಳಿಯಂತ್ರ, ಸೋಲಾರ್, ಅದರಿಂದ ಊರಾಚೆ ಕರೆಂಟು ಸಾಗಿಸುವ ದೊಡ್ಡ ತಂತಿಗಳು. ಹಕ್ಕಿ ಬಡಿದು ಸಾಯೋದು ಆ ತಂತಿಗೆ. ನೆಲದಡಿ ಹಾಕಿ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಗಲ್ಲ ಅಂತ ಕೇಂದ್ರ ಸರ್ಕಾರವೇ ಹೋಗಿ ಕೇಳಿಕೊಂಡಿತು. 2024ರಲ್ಲಿ ಆದೇಶ ಸಡಿಲವಾಗಿ ವಿಷಯ ಸಮಿತಿಗೆ ಹೋಯಿತು. ಕಂಪನಿಯ ತಂತಿಗೆ ಸಮಿತಿ, ಊರಿನ ಒಂದು ಬಲ್ಬಿಗೆ ನಿಯಮ. ಏನ್ರೀ ಇದು? ಪಾಪ್‌ಕಾರ್ನ್‌ನ ಸಕ್ಕರೆ ಅಳೆಯೋಕೆ ಬಂದವರಿಗೆ ಇದು ಕಾಣಲೇ ಇಲ್ವಾ? ಸೋಲಾರ್ ದೀಪ ಇಟ್ಕೊಳ್ಳಿ ಅನ್ನೋರೂ ಇದ್ದಾರೆ. ಮೇ ತಿಂಗಳಲ್ಲಿ ಬಂದು, ಆ ದೀಪದಿಂದ ಒಂದು ಫ್ಯಾನ್ ತಿರುಗಿಸಿ ತೋರಿಸಲಿ ನೋಡೋಣ.