ಪಾಸ್‌ವರ್ಡ್ ಸರಿಯಾಗೇ ಇದೆ ಮಾರಾಯ್ರೆ, ಮನೆ ತಪ್ಪು

ಇವತ್ತು ಮತ್ತೆ ಅದೇ ನಾಟಕ. ಡಿಪ್ಲೊಮಾ ಹುಡುಗನ ಲ್ಯಾಪ್‌ಟಾಪ್, ಅದರಲ್ಲಿ ಜ್ಯಾಂಪ್ (ವೆಬ್ ಸರ್ವರ್, ಪಿಎಚ್‌ಪಿ, ಡೇಟಾಬೇಸ್ ಒಟ್ಟಿಗೆ ಹಾಕಿಕೊಡೋ ಪ್ಯಾಕೇಜ್), ಪಿಎಚ್‌ಪಿಮೈಅಡ್ಮಿನ್ (ಬ್ರೌಸರ್‌ನಲ್ಲೇ ಡೇಟಾಬೇಸ್ ನೋಡೋ ಪುಟ) ತೆರೆದರೆ ಎರರ್ 1045, ಆಕ್ಸೆಸ್ ಡಿನೈಡ್. ಸುತ್ತ ನಿಂತ ಪಂಡಿತರೆಲ್ಲ ಒಂದೇ ಉಸಿರಲ್ಲಿ ಕೊಟ್ಟ ಸಲಹೆ: ‘ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕು.’ ಅಲ್ಲ ಸ್ವಾಮಿ, ‘ಆಗಲ್ಲ’ ಅಂತ ಹೇಳ್ತಿರೋದು ಯಾವ ಡೇಟಾಬೇಸ್ ಸರ್ವರ್ ಅಂತ ಒಬ್ಬರಾದರೂ ಕೇಳಬೇಡವಾ?

1045 ಬಂತು ಅಂದರೆ ಸಂಪರ್ಕ ಆಗಿದೆ. ಒಳಗೆ ಯಾರೋ ಇದ್ದಾರೆ, ಬಾಗಿಲು ತೆಗೆದು ನಿಮ್ಮ ಮುಖ ನೋಡಿ ‘ನೀವ್ಯಾರೋ ಗೊತ್ತಿಲ್ಲ’ ಅಂದಿದ್ದಾರೆ. ಯಾರೂ ಇಲ್ಲದಿದ್ದರೆ ಮೈಎಸ್‌ಕ್ಯುಎಲ್‌ನ ಕಮಾಂಡ್ ಕ್ಲೈಂಟ್‌ನಲ್ಲಿ ಬರೋದು 2003, ವಿಂಡೋಸ್‌ನಲ್ಲಾದರೆ ಜೊತೆಗೆ 10061; ಪಿಎಚ್‌ಪಿಮೈಅಡ್ಮಿನ್‌ನಲ್ಲಾದರೆ 2002. ಲಿನಕ್ಸ್‌ನಲ್ಲಿ ಸಾಕೆಟ್ ಫೈಲ್ (ಅದೇ ಕಂಪ್ಯೂಟರ್ ಒಳಗೆ ಸರ್ವರ್ ಜೊತೆ ಮಾತಾಡೋ ದಾರಿ) ಸಿಗದಿದ್ದರೂ 2002. ನಿನ್ನೆ ರಾತ್ರಿವರೆಗೆ ಇದ್ದ ಡೇಟಾಬೇಸಿಗೆ ಇವತ್ತು 1049, ‘ಅನ್‌ನೋನ್ ಡೇಟಾಬೇಸ್’ ಅಂತ ಬಂದರೆ ಅಳಬೇಡಿ, ಅದು ಅದೇ ಕಂಪ್ಯೂಟರಿನ ಪಕ್ಕದ ಸರ್ವರ್‌ನಲ್ಲಿ ಸುಖವಾಗಿರೋ ಸಾಧ್ಯತೆಯೇ ಜಾಸ್ತಿ. ನಮ್ಮ ಮನೆ ಬೀಗದ ಕೈ ಹಿಡ್ಕೊಂಡು ಪಕ್ಕದ ಮನೆ ಬಾಗಿಲು ತಿರುಗಿಸೋದು, ತೆರೆಯಲಿಲ್ಲ ಅಂತ ನಮ್ಮ ಮನೆ ಕೆಡವೋದು: ಈ ರೀಇನ್‌ಸ್ಟಾಲ್ ವೈದ್ಯ ಅಂದರೆ ಇಷ್ಟೇ.

ಆ ಲ್ಯಾಪ್‌ಟಾಪಿನ ಕಥೆ ಎಲ್ಲರ ಕಥೆ. ಮೊದಲ ಸೆಮಿಸ್ಟರಿನಲ್ಲಿ ಯಾರೋ ಮೈಎಸ್‌ಕ್ಯುಎಲ್ 8 ಅನ್ನೋ ಡೇಟಾಬೇಸ್ ಸರ್ವರ್ ಹಾಕಿಸಿದ್ದರು. ಅದು ‘ಮೈಎಸ್‌ಕ್ಯುಎಲ್80’ ಅನ್ನೋ ಸರ್ವೀಸ್ ಆಗಿ, ಕಂಪ್ಯೂಟರ್ ಶುರುವಾದ ಕೂಡಲೇ ಎದ್ದು ಪೋರ್ಟ್ 3306ರಲ್ಲಿ ಕೂರುತ್ತೆ (ಪೋರ್ಟ್ ಅಂದರೆ ಸರ್ವರ್ ಕಾದು ಕೂರೋ ಬಾಗಿಲಿನ ನಂಬರ್). ಆಮೇಲೆ ಜ್ಯಾಂಪ್ ಬಂತು. ಅದರ ಪ್ಯಾನೆಲ್ ‘ಮೈಎಸ್‌ಕ್ಯುಎಲ್’ ಅಂತ ಕರೆದರೂ ಒಳಗಿರೋದು ಮೈಎಸ್‌ಕ್ಯುಎಲ್‌ನಿಂದಲೇ ಕವಲೊಡೆದ ಮಾರಿಯಾಡಿಬಿ, ಅದಕ್ಕೂ ಬೇಕಿರೋದು 3306. ಸೀಟು ಸಿಗದೆ ಅದು ಬೀಳುತ್ತೆ. ಪಿಎಚ್‌ಪಿಮೈಅಡ್ಮಿನ್ ಮಾತ್ರ ಏನೂ ಆಗದವರ ಹಾಗೆ ರೂಟ್ ಹೆಸರು, ಖಾಲಿ ಪಾಸ್‌ವರ್ಡ್ ಹಿಡ್ಕೊಂಡು 3306ಕ್ಕೇ ಹೋಗುತ್ತೆ. ಅಲ್ಲಿ ಕೂತಿರೋ ಮೈಎಸ್‌ಕ್ಯುಎಲ್ 8 ಬೈದು ಕಳಿಸುತ್ತೆ. ಇಲ್ಲಿ ಯಾರದ್ದು ತಪ್ಪು ಹೇಳಿ?

ನೋಡೋದು ಕಷ್ಟವೂ ಅಲ್ಲ. ಕಮಾಂಡ್ ಪ್ರಾಂಪ್ಟ್ ತೆರೆದು, ಯಾವ ಪೋರ್ಟ್‌ನಲ್ಲಿ ಯಾರಿದ್ದಾರೆ ಅಂತ ತೋರಿಸೋ ನೆಟ್‌ಸ್ಟಾಟ್‌ಗೆ ಎ, ಎನ್, ಓ ಮೂರೂ ಸೇರಿಸಿ, ಫೈಂಡ್‌ಸ್ಟರ್‌ನಿಂದ 3306 ಇರೋ ಸಾಲು ಮಾತ್ರ ಸೋಸಿ. ಲಿಸನಿಂಗ್ ಅಂತಿರೋ ಸಾಲಿನ ಕೊನೆಯ ಅಂಕಿ ಪಿಐಡಿ, ಅಂದರೆ ಆ ಪ್ರೋಗ್ರಾಂನ ಗುರುತಿನ ನಂಬರ್. ಟಾಸ್ಕ್ ಮ್ಯಾನೇಜರ್‌ನ ಡಿಟೇಲ್ಸ್‌ನಲ್ಲಿ ಅದೇ ಅಂಕಿ ಹುಡುಕಿ. ಹೆಸರು ನೋಡಿ ತೀರ್ಮಾನ ಮಾಡಬೇಡಿ, ಎರಡರ ಹೆಸರೂ ‘ಮೈಎಸ್‌ಕ್ಯುಎಲ್‌ಡಿ’ ಅಂತಲೇ ಇರುತ್ತೆ. ರೈಟ್ ಕ್ಲಿಕ್ ಮಾಡಿ ಫೈಲ್ ಎಲ್ಲಿದೆ ಅಂತ ತೆರೆಸಿ, ಫೋಲ್ಡರ್ ಸುಳ್ಳು ಹೇಳಲ್ಲ. ಇದೇ ಕೆಲಸಕ್ಕೆ ಲಿನಕ್ಸ್‌ನಲ್ಲಿ ಎಸ್‌ಎಸ್, ಮ್ಯಾಕ್‌ನಲ್ಲಿ ಎಲ್‌ಎಸ್‌ಓಎಫ್ ಕಮಾಂಡ್. ಎರಡಕ್ಕೂ ಮುಂದೆ ಸುಡೊ (ಅಡ್ಮಿನ್ ಅಧಿಕಾರದಲ್ಲಿ ಓಡಿಸೋಕೆ) ಹಾಕಿ, ಇಲ್ಲದಿದ್ದರೆ ಬೇರೆ ಯೂಸರ್ ಹೆಸರಲ್ಲಿ ಓಡ್ತಿರೋ ಪ್ರೋಗ್ರಾಂ ಯಾವುದು ಅಂತ ಕಾಣೋದೇ ಇಲ್ಲ. ಹೇಗೋ ಲಾಗಿನ್ ಆಗಿದ್ದೀರಿ ಅಂದರೆ ಸರ್ವರನ್ನೇ ಕೇಳಿ: ಸೆಲೆಕ್ಟ್ @@ವರ್ಷನ್, @@ಪೋರ್ಟ್, @@ಡೇಟಾಡಿರ್. ಪೋಸ್ಟ್‌ಗ್ರೆಸ್ ಅನ್ನೋ ಇನ್ನೊಂದು ಡೇಟಾಬೇಸ್ ಆದರೆ ಶೋ ಪೋರ್ಟ್, ಶೋ ಡೇಟಾ_ಡೈರೆಕ್ಟರಿ. ಡೇಟಾ ಫೋಲ್ಡರ್ ಯಾವುದು ಅಂತ ಗೊತ್ತಾದರೆ ಅರ್ಧ ಜಗಳ ಮುಗೀತು.

ರೀಇನ್‌ಸ್ಟಾಲ್ ಮಾಡಿದರೆ ಏನು ನಷ್ಟ ಅಂತ ಕೇಳ್ತೀರಾ? ಒಂದು, ಪಾಸ್‌ವರ್ಡ್ ಇರೋದು ಪ್ರೋಗ್ರಾಂ ಒಳಗಲ್ಲ, ಡೇಟಾ ಫೋಲ್ಡರ್ ಒಳಗೆ. ಅದು ಸಿ ಡ್ರೈವಿನ ಪ್ರೋಗ್ರಾಂಡೇಟಾ ಅನ್ನೋ ಹಿಡನ್ ಫೋಲ್ಡರ್‌ನಲ್ಲಿ ಹಾಗೇ ಉಳಿದಿದ್ದರೆ ಹಳೇ ಪಾಸ್‌ವರ್ಡೂ ಉಳಿದಿರುತ್ತೆ. ಎರಡು, ಆ ಸಿಟ್ಟಿಗೆ ಡೇಟಾ ಫೋಲ್ಡರ್‌ಗೇ ಕೈ ಹಾಕ್ತಾರೆ. ‘ಐಬಿಡೇಟಾ1 ಡಿಲೀಟ್ ಮಾಡು, ಸ್ಟಾರ್ಟ್ ಆಗುತ್ತೆ’ ಅನ್ನೋರನ್ನ ಹಿಡಿದು ಮರಕ್ಕೆ ಕಟ್ಟಬೇಕು. ಜ್ಯಾಂಪ್‌ನ ಮಾರಿಯಾಡಿಬಿಯಲ್ಲಿ ಇನ್ನೊಡಿಬಿಯ (ಟೇಬಲ್‌ಗಳನ್ನು ಡಿಸ್ಕಿನಲ್ಲಿ ಇಡೋ ಭಾಗ) ಒಳಲೆಕ್ಕ ಇರೋದೇ ಆ ಫೈಲಿನಲ್ಲಿ. ಅದು ಹೋದ ಮೇಲೆ ಟೇಬಲ್‌ಗಳ ಹೆಸರು ಮಾತ್ರ ಕಾಣುತ್ತೆ, ತೆರೆಯೋಕೆ ಹೋದರೆ ‘ಇಲ್ಲ’ ಅನ್ನುತ್ತೆ. (ನಾನೂ ಒಂದು ಕಾಲದಲ್ಲಿ ಆ ಫೈಲ್ ಅಳಿಸಿದವನೇ. ಇಷ್ಟು ಸಿಟ್ಟು ಸುಮ್ಮನೆ ಬರಲ್ಲ.)

ಮದ್ದು ಎರಡೇ. ಒಂದು ಸರ್ವರ್ ಬೇಡವಾದರೆ ಸರ್ವೀಸಸ್‌ಗೆ ಹೋಗಿ ಮೈಎಸ್‌ಕ್ಯುಎಲ್80 ನಿಲ್ಲಿಸಿ, ಸ್ಟಾರ್ಟಪ್ ಟೈಪನ್ನು ಆಟೊಮ್ಯಾಟಿಕ್‌ನಿಂದ ಮ್ಯಾನ್ಯುಯಲ್‌ಗೆ ಬದಲಿಸಿ. ಬರೀ ನಿಲ್ಲಿಸಿ ಬಿಟ್ಟರೆ ನಾಳೆ ಬೆಳಿಗ್ಗೆ ನಿಮಗಿಂತ ಮೊದಲೇ ಎದ್ದಿರುತ್ತೆ. ಎರಡೂ ಬೇಕು ಅಂದರೆ ಜ್ಯಾಂಪ್‌ನ ಮೈ.ಐಎನ್‌ಐ ಫೈಲಿನಲ್ಲಿ ಕ್ಲೈಂಟ್ ಭಾಗದಲ್ಲೂ ಮೈಎಸ್‌ಕ್ಯುಎಲ್‌ಡಿ ಭಾಗದಲ್ಲೂ ಪೋರ್ಟನ್ನು 3307 ಮಾಡಿ. ಪಿಎಚ್‌ಪಿಮೈಅಡ್ಮಿನ್‌ನ ಕಾನ್ಫಿಗ್ ಫೈಲಿಗೆ 3307ರ ಸಾಲು ಸೇರಿಸಿ, ನಿಮ್ಮ ಪ್ರಾಜೆಕ್ಟ್‌ನಲ್ಲೂ ಅದನ್ನೇ ಬರೀರಿ. ಜ್ಯಾಂಪ್ ಪ್ಯಾನೆಲ್‌ನ ‘ಸರ್ವೀಸ್ ಆಂಡ್ ಪೋರ್ಟ್ ಸೆಟ್ಟಿಂಗ್ಸ್’ನಲ್ಲಿ ಅಂಕಿ ತಿದ್ದಿ ಕೂತವರಿದ್ದಾರೆ. ಅದು ಪ್ಯಾನೆಲ್ ಯಾವ ಪೋರ್ಟ್ ನೋಡಬೇಕು ಅಂತ ಹೇಳುತ್ತೆ ಅಷ್ಟೇ, ಸರ್ವರಿಗೆ ಅದರ ಗಾಳಿಯೂ ಸೋಕಲ್ಲ.

ಲಿನಕ್ಸ್‌ನವರು ನಗಬೇಡಿ, ನಿಮ್ಮದು ಇನ್ನೂ ಸೊಗಸು. ಹೋಸ್ಟ್ ಜಾಗದಲ್ಲಿ ‘ಲೋಕಲ್‌ಹೋಸ್ಟ್’ ಅಂತ ಕೊಟ್ಟರೆ ಮೈಎಸ್‌ಕ್ಯುಎಲ್ ಕ್ಲೈಂಟ್ ಪೋರ್ಟ್ ಕಡೆ ತಿರುಗಿಯೂ ನೋಡಲ್ಲ, ಸೀದಾ ಸಾಕೆಟ್ ಫೈಲಿಗೆ ಹೋಗುತ್ತೆ. ನೀವು ಪೋರ್ಟ್ 3307 ಅಂತ ಎಷ್ಟೇ ಒತ್ತಿ ಹೇಳಿದರೂ ತಲುಪೋದು ಆ ಸಾಕೆಟ್ ಯಾರದ್ದೋ ಅವರನ್ನು. ಇದೇ ಕಂಪ್ಯೂಟರಿನ ವಿಳಾಸವನ್ನು 127.0.0.1 ಅಂತ ಅಂಕಿಯಲ್ಲೇ ಬರೀರಿ. ಪಿಎಚ್‌ಪಿಗೂ ಇದೇ ಮಾತು.

‘ಡಾಕರ್ ಬಳಸಿ ಸಾರ್, ಈ ತಲೆನೋವೇ ಇರಲ್ಲ’ ಅಂತ ಬರ್ತಾರೆ ನೋಡಿ, ಅವರಿಗಾಗಿ ಒಂದು. (ಡಾಕರ್ ಅಂದರೆ ಪ್ರೋಗ್ರಾಂಗಳನ್ನು ಕಂಟೇನರ್ ಅನ್ನೋ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸೋ ಸಾಧನ.) ಮ್ಯಾಕ್‌ನಲ್ಲಿ ಹೋಮ್‌ಬ್ರೂ (ಪ್ರೋಗ್ರಾಂ ಇನ್‌ಸ್ಟಾಲ್ ಮಾಡಿಕೊಡೋ ಸಾಧನ) ಹಾಕಿದ ಪೋಸ್ಟ್‌ಗ್ರೆಸ್ 127.0.0.1ರ 5432ರಲ್ಲಿ ಕೂತಿರುತ್ತೆ. ಡಾಕರ್ ಎಲ್ಲ ವಿಳಾಸಗಳ 5432 ನನ್ನದು ಅಂತ ಬರೆಸಿಕೊಳ್ಳುತ್ತೆ. ಇಬ್ಬರಿಗೂ ಜಾಗ ಸಿಗುತ್ತೆ, ಒಂದು ಎರರೂ ಇಲ್ಲ! ನೀವು 127.0.0.1ಕ್ಕೆ ಹೋದರೆ ನಿರ್ದಿಷ್ಟ ವಿಳಾಸ ಹಿಡಿದವನೇ ಗೆಲ್ಲೋದು, ಅಂದರೆ ಹೋಮ್‌ಬ್ರೂ. ಅಲ್ಲಿ ಸೂಪರ್‌ಯೂಸರ್ ನಿಮ್ಮ ಮ್ಯಾಕ್ ಲಾಗಿನ್ ಹೆಸರಿನಲ್ಲಿರೋದರಿಂದ ‘ಪೋಸ್ಟ್‌ಗ್ರೆಸ್ ಅನ್ನೋ ರೋಲ್ ಇಲ್ಲ’ ಅಂತ ಉತ್ತರ. ಜ್ಯಾಂಪ್ ಬಡಪಾಯಿ ಬಿದ್ದಾದರೂ ತೋರಿಸುತ್ತೆ, ಇದು ನಗ್ತಾ ಮೋಸ ಮಾಡುತ್ತೆ. ಡಾಕರ್‌ನ ಕಾಂಪೋಸ್ ಫೈಲಿನಲ್ಲಿ (ಕಂಟೇನರ್‌ಗಳ ಸೆಟ್ಟಿಂಗ್ ಬರೆಯೋ ಫೈಲ್) ಪೋರ್ಟ್ ಸಾಲನ್ನು 5433:5432 ಮಾಡಿ. ಎಡಗಡೆಯದು ನಿಮ್ಮ ಮ್ಯಾಕ್‌ದು, ಬಲಗಡೆಯದು ಕಂಟೇನರ್‌ದು. ಅದೇ ಕಾಂಪೋಸ್‌ನ ಇನ್ನೊಂದು ಕಂಟೇನರ್‌ನಿಂದ ಹೋಗೋದಾದರೆ ಸರ್ವೀಸ್ ಹೆಸರು ಮತ್ತು 5432 ಕೊಡಬೇಕು, 5433 ಅಲ್ಲ. ಕಾಂಪೋಸ್ ಫೈಲಿನಲ್ಲಿ ಪಾಸ್‌ವರ್ಡ್ ಬದಲಿಸಿ ‘ಆಗ್ತಿಲ್ಲ’ ಅನ್ನೋರೇ, ಆ ಪಾಸ್‌ವರ್ಡ್ ಲೆಕ್ಕಕ್ಕೆ ಬರೋದು ವಾಲ್ಯೂಮ್ (ಕಂಟೇನರ್‌ನ ಡೇಟಾ ಉಳಿಯೋ ಜಾಗ) ಖಾಲಿ ಇದ್ದಾಗ, ಮೊದಲ ಸಲ ಮಾತ್ರ.

ಹುಡುಗನದ್ದು ಮೈಎಸ್‌ಕ್ಯುಎಲ್80 ನಿಲ್ಲಿಸಿ ಜ್ಯಾಂಪ್ ಸ್ಟಾರ್ಟ್ ಒತ್ತಿದ ಕೂಡಲೇ ಸರಿಹೋಯಿತು. ಇನ್ನು ಮುಂದೆ ನನಗೆ ಕೆಂಪು ಎರರ್‌ನ ಫೋಟೋ ಕಳಿಸಬೇಡಿ. ನೆಟ್‌ಸ್ಟಾಟ್‌ದು ಕಳಿಸಿ. ಕೊನೆಯ ಕಾಲಂ ಕತ್ತರಿಸದೆ.