ದೋಣಿ ನಿಧಾನ ಅಂದರೆ ನೀರಿನ ತಪ್ಪೇ?

ಹಾಯಿದೋಣಿ ನಡೆಸುವುದನ್ನು ನಾನು ಕಲಿತದ್ದು ಅಮೆರಿಕಕ್ಕೆ ಬಂದ ಮೇಲೆ. ನನ್ನದು 26 ಅಡಿಯ ದೋಣಿ. ಕಾರಿನ ಹಿಂದೆ ಟ್ರೇಲರ್ ಮೇಲೆ ಎಳೆದುಕೊಂಡು ಹೋಗಿ ಸರೋವರಕ್ಕೆ ಇಳಿಸುತ್ತೇನೆ. ಇದರ ತಳದಲ್ಲಿ ಸೀಸ, ಕಬ್ಬಿಣ ಏನೂ ಇಲ್ಲ, ಒಂದು ಟ್ಯಾಂಕ್ ಇದೆ. ನೀರಿಗಿಳಿದ ಮೇಲೆ ಹಿಂಬದಿಯ ವಾಲ್ವ್ ತೆಗೆದರೆ ಸರೋವರದ ನೀರೇ ಬಂದು ತುಂಬುತ್ತದೆ. ದೋಣಿ ಮಗುಚದ ಹಾಗೆ ಹಿಡಿಯುವ ಭಾರ, ಅಂದರೆ ಬ್ಯಾಲಾಸ್ಟ್, ಅದೇ. ವಾಪಸ್ ಹೊರಡುವಾಗ ಟ್ರೇಲರನ್ನು ದಡಕ್ಕೆ ಎಳೆದು ವಾಲ್ವ್ ತೆಗೆದಿಟ್ಟರೆ ಎಲ್ಲ ಹರಿದು ಹೋಗುತ್ತದೆ.

ಇಂಥ ದೋಣಿಗಳ ಮೇಲೆ ಇಲ್ಲಿ ಒಂದು ದೂರು ಸದಾ ಕೇಳುತ್ತೇನೆ. ನೀರು ಹೊತ್ತ ದೋಣಿ ಓಡುವುದಿಲ್ಲವಂತೆ. ಹತ್ತು ವರ್ಷ ಓಡಿಸಿದ ಮೇಲೂ ನನಗೆ ಈ ಮಾತು ಒಪ್ಪಿಗೆಯಾಗಿಲ್ಲ.

ಅಮೆರಿಕದವರು ನೀರನ್ನು ತಂದದ್ದು ರಸ್ತೆಗಾಗಿ. ಇಲ್ಲಿನ ಹೆದ್ದಾರಿಯಲ್ಲಿ ವಿಶೇಷ ಪರವಾನಗಿ ಇಲ್ಲದೆ ಎಂಟೂವರೆ ಅಡಿಗಿಂತ ಅಗಲದ್ದನ್ನು ಎಳೆಯುವ ಹಾಗಿಲ್ಲ. ಆಳವಾದ ಕೀಲ್, ಅಂದರೆ ದೋಣಿಯ ತಳದಿಂದ ನೀರಿನೊಳಗೆ ಇಳಿದಿರುವ ರೆಕ್ಕೆಯಂಥ ಭಾಗ, ಇದ್ದರೆ ಟ್ರೇಲರಿನಿಂದ ಇಳಿಸುವುದೇ ಕಷ್ಟ. ಭಾರ ಜಾಸ್ತಿಯಾದರೆ ಮನೆಯ ಕಾರು ಎಳೆಯುವುದಿಲ್ಲ. ಹೀಗಾಗಿ ಮ್ಯಾಕ್‌ಗ್ರೆಗರ್ 26, ಹಂಟರ್ 260, ಕ್ಯಾಟಲಿನಾ 250 ಮುಂತಾದ ದೋಣಿಗಳು ನೀರಿನ ಬ್ಯಾಲಾಸ್ಟ್ ಹೊತ್ತು ಬಂದವು.

ಫ್ರೆಂಚರ ದಾರಿ ಬೇರೆ. 1969ರಲ್ಲಿ ಎರಿಕ್ ತಬಾರ್ಲಿ ಒಬ್ಬರೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಟೋಕಿಯೋವರೆಗಿನ ಪಂದ್ಯ ಗೆದ್ದರು. ಅವರ ಪೆನ್ ಡ್ಯುಯಿಕ್ 5 ದೋಣಿಯ ಎರಡೂ ಬದಿಗೆ ನೀರಿನ ಟ್ಯಾಂಕ್ ಇತ್ತು. ಗಾಳಿ ಬರುವ ಬದಿಗೆ ನೀರು ತುಂಬಿದರೆ ದೋಣಿ ನೆಟ್ಟಗೆ ನಿಲ್ಲುತ್ತದೆ, ಹಾಯಿ ಇಳಿಸದೆ ಓಡಬಹುದು. ಗಾಳಿ ಹಿಂದಿನಿಂದ ಬಂದಾಗ ಆ ಭಾರ ಬೇಕಿಲ್ಲ, ಹೊರಗೆ ಬಿಟ್ಟುಬಿಡಬಹುದು. ಅಟ್ಲಾಂಟಿಕ್ ದಾಟುವ ಆರೂವರೆ ಮೀಟರಿನ ಮಿನಿ ದೋಣಿಗಳಲ್ಲೂ ಈ ಉಪಾಯ ಬಳಕೆಗೆ ಬಂತು. ಇಲ್ಲಿ ನಿಧಾನಕ್ಕೆ ಕಾರಣ ಅನ್ನುವ ಅದೇ ನೀರು ಅಲ್ಲಿ ವೇಗಕ್ಕೆ ದಾರಿಯಾಯಿತು, ಅಲ್ವಾ?

ಹಾಗಂತ ನಮ್ಮ ದೋಣಿಯ ನೀರಿಗೆ ಕೊರತೆಯೇ ಇಲ್ಲ ಅನ್ನುವುದಿಲ್ಲ. 500 ಕಿಲೋ ಸೀಸಕ್ಕೆ ಸುಮಾರು 44 ಲೀಟರ್ ಜಾಗ ಸಾಕು. ಅದನ್ನು ಕೀಲಿನ ತುದಿಯಲ್ಲಿ, ಒಂದು ಮೀಟರಿಗೂ ಕೆಳಗೆ ತೂಗಿಬಿಡಬಹುದು. ಅಷ್ಟೇ ತೂಕದ ನೀರಿಗೆ 500 ಲೀಟರ್ ಜಾಗ ಬೇಕು, ಅದು ನಮ್ಮ ಕಾಲಡಿಯಲ್ಲೇ ಹರಡಿಕೊಂಡಿರುತ್ತದೆ. ಹಿಡಿತ ಕಡಿಮೆ. ಅದಕ್ಕೇ ಇಂಥ ದೋಣಿ ಮೊದಲ ಗಾಳಿಗೇ ಬೇಗ ವಾಲುತ್ತದೆ, ಸ್ವಲ್ಪ ವಾಲಿದ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಹೊಸಬರು ಹೆದರುವುದು ಇಲ್ಲೇ. ನಾನೂ ಹೆದರಿದ್ದೆ.

ಇನ್ನು ವೇಗದ ಲೆಕ್ಕ. ಇಂಥ ದೋಣಿ ಹಾಯಿಯಲ್ಲಿ ಸಾಮಾನ್ಯವಾಗಿ ಎಷ್ಟು ಓಡಬಹುದು ಅನ್ನುವುದನ್ನು ನೀರಿಗೆ ತಾಗಿದ ಉದ್ದ ಹೇಳುತ್ತದೆ. ಅಡಿಯಲ್ಲಿ ಅಳೆದ ಆ ಉದ್ದದ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಸಿಗುವುದು ನಾಟ್ ಲೆಕ್ಕದ ವೇಗ. 23 ಅಡಿಗೆ ಅದು 6.4 ನಾಟ್, ಗಂಟೆಗೆ ಸುಮಾರು 12 ಕಿಲೋಮೀಟರ್. ದೋಣಿ ತಾನೇ ಎಬ್ಬಿಸಿದ ಅಲೆಯ ಗುಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಅದನ್ನು ಹತ್ತಿ ದಾಟುವಷ್ಟು ಬಲ ಹಾಯಿಗೆ ಇರುವುದಿಲ್ಲ. ಟ್ಯಾಂಕಿನಲ್ಲಿ ಅರ್ಧ ಟನ್ ನೀರಿದ್ದರೆ ದೋಣಿ ಹೆಚ್ಚೆಂದರೆ ಐದು ಸೆಂಟಿಮೀಟರಿನಷ್ಟು ಕೆಳಗಿಳಿಯುತ್ತದೆ. ಗಾಳಿ ತೀರಾ ಮಂದವಾಗಿದ್ದಾಗ ಅದು ಗೊತ್ತಾಗುತ್ತದೆ, ನಿಜ. ಗಾಳಿ ಎದ್ದ ಮೇಲೆ ಆ ವ್ಯತ್ಯಾಸ ತುಂಬಾ ಸಣ್ಣದು.

ಹಾಗಾದರೆ ವೇಗ ಹೋಗುವುದೆಲ್ಲಿ? ಒಂದೇ ತಯಾರಕರ ಎರಡು ದೋಣಿಗಳನ್ನು ನೋಡಿ. ಮ್ಯಾಕ್‌ಗ್ರೆಗರ್ 26 ಎಸ್ ಮೊದಲು ಬಂದದ್ದು, 26 ಎಕ್ಸ್ ಆಮೇಲಿನದು. ಎರಡೂ 26 ಅಡಿಯವು, ಎರಡರಲ್ಲೂ ನೀರಿನ ಬ್ಯಾಲಾಸ್ಟ್. ಹಾಯಿಯಲ್ಲಿ ಎಸ್ ಚುರುಕು, ಎಕ್ಸ್ ನಿಧಾನ. ಎಕ್ಸ್ 50 ಹಾರ್ಸ್‌ಪವರ್ ಮೋಟರಿನಲ್ಲಿ ಓಡಲೆಂದು ಮಾಡಿದ್ದು. ಒಳಗೆ ನಿಲ್ಲುವಷ್ಟು ಎತ್ತರ ಬೇಕೆಂದು ಬದಿಗಳನ್ನು ಏರಿಸಿದ್ದಾರೆ, ಆ ಬದಿಗಳು ಗಾಳಿ ಹಿಡಿಯುತ್ತವೆ. ಕುಟುಂಬಕ್ಕೆ ಅದು ಒಳ್ಳೆಯ ದೋಣಿಯೇ. ಆದರೆ ಕಳೆದುಕೊಂಡ ವೇಗ ಮೋಟರಿಗೂ ಎತ್ತರಕ್ಕೂ ಕೊಟ್ಟ ಬೆಲೆ. ಅದನ್ನು ನೀರಿನ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ.

ಉಳಿದದ್ದು ನಡೆಸುವವರ ಕೈಯಲ್ಲಿದೆ. 20 ಡಿಗ್ರಿಗಿಂತ ಜಾಸ್ತಿ ವಾಲಿಸಿ ಓಡಿಸುವವರನ್ನು ದಿನವೂ ನೋಡುತ್ತೇನೆ. ಆಗ ದೋಣಿ ಗಾಳಿಯ ಕಡೆಗೇ ತಿರುಗಲು ಎಳೆಯುತ್ತದೆ. ಅದನ್ನು ತಡೆಯಲು ಚುಕ್ಕಾಣಿಯನ್ನು ಅಡ್ಡ ಹಿಡಿಯಬೇಕು. ಅಡ್ಡ ಹಿಡಿದ ಚುಕ್ಕಾಣಿ ಬ್ರೇಕ್ ಇದ್ದ ಹಾಗೆ. ಹಾಯಿಯನ್ನು ಒಂದು ಹಂತ ಕಿರಿದು ಮಾಡಿದರೆ ದೋಣಿ ನೆಟ್ಟಗಾಗಿ ಎಷ್ಟೋ ಸಲ ವೇಗ ಏರುತ್ತದೆ. ಜೋತುಬಿದ್ದ ಹಳೆಯ ಹಾಯಿ, ಪಾಚಿ ಕಟ್ಟಿದ ತಳ, ಒಳಗೆ ತುಂಬಿಟ್ಟ ಸಾಮಾನು ಇವೆಲ್ಲ ಬೇರೆ.

ವೇಗಕ್ಕೆಂದು ಟ್ಯಾಂಕ್ ಖಾಲಿ ಮಾಡಿ ಅಂತ ಸಲಹೆ ಕೊಡುವವರಿದ್ದಾರೆ. ವೇಲ್ಸ್‌ನ ಬೇರೇಡರಿನಂಥ ದೋಣಿಗಳನ್ನು ಖಾಲಿ ಟ್ಯಾಂಕಿನಲ್ಲೂ ನಡೆಸುವಂತೆ ರೂಪಿಸಿದ್ದಾರೆ. ನಮ್ಮವು ಹಾಗಲ್ಲ, ಖಾಲಿ ಟ್ಯಾಂಕಿನಲ್ಲಿ ಹಾಯಿ ಏರಿಸಿದರೆ ಮಗುಚಬಹುದು. ಅರ್ಧ ತುಂಬಿದ ಟ್ಯಾಂಕೂ ಅಪಾಯವೇ, ದೋಣಿ ವಾಲಿದ ಬದಿಗೆ ನೀರೂ ಓಡಿ ಇನ್ನಷ್ಟು ವಾಲಿಸುತ್ತದೆ. ಒಮ್ಮೆ ಅವಸರದಲ್ಲಿ ನಾನು ಟ್ಯಾಂಕಿನ ಗಾಳಿಕಿಂಡಿ ತೆಗೆಯಲು ಮರೆತೆ. ಒಳಗಿನ ಗಾಳಿ ಹೊರಗೆ ಹೋಗದೆ ನೀರು ಪೂರ್ತಿ ತುಂಬಲಿಲ್ಲ. ದಡ ಬಿಟ್ಟು ಹತ್ತು ನಿಮಿಷಕ್ಕೇ ಕಾಲಡಿಯಲ್ಲಿ ಗುಳುಗುಳು ಸದ್ದು. ತಕ್ಷಣ ಹಾಯಿ ಇಳಿಸಿ, ಕಿಂಡಿ ತೆಗೆದು, ನೀರು ಕಿಂಡಿಯ ಬಾಯಿಗೆ ಬರುವವರೆಗೆ ಕಾದೆ. ಈಗ ಕಿಂಡಿಗೆ ಬೆರಳಿಟ್ಟು ನೀರು ತಾಗಿದ ಮೇಲೆಯೇ ಹಾಯಿಯ ಹಗ್ಗಕ್ಕೆ ಕೈ ಹಾಕುತ್ತೇನೆ.